ಮಲ್ಕಮ್ಮ ಬರೆಸಿದ ಮೊಣಕಾಲು ನೋವು

"ಏನ್ ತ್ರಾಸ ಅದರಿ?"

ಚೀಟಿ ಬರೆಯುವ ಜಗದೇವನ ದನಿ ಆಸ್ಪತ್ರೆಯ ಗೇಟಿನವರೆಗೂ ಕೇಳುವಂಥದ್ದು. ಕಿಟಕಿಯ ಮುಂದೆ ನಿಂತ ಮಲ್ಕಮ್ಮ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಮುಟ್ಟು ನಿಂತು ಆರು ವರ್ಷವಾದ ಮೇಲೆ ಮತ್ತೆ ರಕ್ತ ಹೋಗಲು ಶುರುವಾಗಿ ಎರಡು ತಿಂಗಳಾಗಿತ್ತು. ಅದನ್ನು ಹೇಳಲೆಂದೇ ಬಂದಿದ್ದಳು. ಆದರೆ ಹಿಂದಿನ ಬೆಂಚಿನಲ್ಲಿ ಗಂಡನ ಅಣ್ಣ ದಶರಥ ಕೂತಿದ್ದ. ಭಾವನೆದುರು ತಲೆಯೆತ್ತಿ ಮಾತಾಡದ ಹೆಂಗಸು ಇದನ್ನು ಹೇಗೆ ಹೇಳಿಯಾಳು?

"ಮೊಣಕಾಲು ಬ್ಯಾನಿ ಆಗ್ಯಾದ್ರಿ," ಅಂದಳು. ಇದು ಮೂರನೆಯ ಸಲ. ಅದೇ ಮಾತು, ಅದೇ ಗುಳಿಗೆ.

ಅಫಜಲಪುರ ತಾಲೂಕಿನ ಆ ಪುಟ್ಟ ಆರೋಗ್ಯ ಕೇಂದ್ರದಲ್ಲಿ ಜಗದೇವನಷ್ಟು ಸರಿಯಾದ ಹೊತ್ತಿಗೆ ಬರುವವರು ಇನ್ನೊಬ್ಬರಿರಲಿಲ್ಲ. ರೋಗಿಗಳ ಅಭಿಪ್ರಾಯದ ಫಾರ್ಮು ತುಂಬುವುದೂ ಅವನ ಪಾಲಿನ ಕೆಲಸವೇ. ಗುಳಿಗೆ ಕೈಗಿಡುತ್ತಲೇ, "ದವಾಖಾನಿ ಚಲೋ ಅದ ಇಲ್ಲರಿ?" ಎಂದು ಕೇಳುವನು. ಕೈಯಲ್ಲಿ ಗುಳಿಗೆ ಹಿಡಿದವರು ಇಲ್ಲ ಎನ್ನುತ್ತಾರೆಯೇ? ತಿಂಗಳು ತಿಂಗಳೂ ಮೂವತ್ತಕ್ಕೆ ಮೂವತ್ತು 'ಉತ್ತಮ'. ಹಿಂದಿನ ಎರಡು ಸಲ ಮಲ್ಕಮ್ಮನದೂ ಅದರಲ್ಲೇ ಸೇರಿತ್ತು.

ನರ್ಸ್ ಮಹಾನಂದಾ ಒಳಗಿನಿಂದ ಬಂದಾಗ ಮಲ್ಕಮ್ಮ ವರಾಂಡದಲ್ಲಿ ಕುಕ್ಕರಗಾಲಲ್ಲಿ ಕೂತು ಯಾರದೋ ಕೂಸನ್ನು ಆಡಿಸುತ್ತಿದ್ದಳು. ಕರೆದದ್ದೇ ತಡ, ಕೈಯೂರದೆ ಎದ್ದಳು. ಮಹಾನಂದಾ ಚೀಟಿ ನೋಡಿದಳು, ಅವಳ ಕಾಲು ನೋಡಿದಳು. ಎಷ್ಟೋ ಜನರ ಕಣ್ಣಿಗೆ ಬೀಳದ್ದು ಆ ಪುಣ್ಯಾತ್ಗಿತ್ತಿಯ ಕಣ್ಣಿಗೆ ಬಿತ್ತು. ಬಿ.ಪಿ. ನೋಡುವ ನೆಪದಲ್ಲಿ ಒಳಗೆ ಕರೆದು ಬಾಗಿಲು ಹಾಕಿದಳು.

"ಯಕ್ಕಾ, ಕಾಲು ಚಲೋ ಅವ. ಖರೇ ಹೇಳ್ರಿ, ಏನಾಗ್ಯಾದ?"

ಮಲ್ಕಮ್ಮ ಅಳುತ್ತ ಎಲ್ಲ ಹೇಳಿದಳು. ಡಾಕ್ಟರ್ ಮಧುಮತಿ ಅಂದೇ ಪರೀಕ್ಷಿಸಿ ಕಲಬುರಗಿಗೆ ಕಳಿಸಿದರು. ಮಹಾನಂದಾ ತಾನೂ ರಜೆ ಹಾಕಿ ಜೊತೆಗೆ ಹೋದಳು. ಗರ್ಭಕೋಶದಲ್ಲಿ ಕ್ಯಾನ್ಸರ್ ಇತ್ತು, ಇನ್ನೂ ಹರಡಿರಲಿಲ್ಲ. ಆಪರೇಷನ್ ಆಯಿತು. ಇನ್ನೂ ಆರು ತಿಂಗಳು ತಡವಾಗಿದ್ದರೆ ಕೈ ಮೀರುತ್ತಿತ್ತು ಎಂದರು ಅಲ್ಲಿಯ ಡಾಕ್ಟರು.

ಮರಳಿ ಬಂದ ಮಹಾನಂದಾ ಜಗದೇವನ ಮುಂದೆ ರಿಜಿಸ್ಟರ್ ತೆರೆದಿಟ್ಟಳು.

"ಇಲ್ಲಿ ಕಿಟಕ್ಯಾಗ ರೋಗ ಕೇಳೂದು ಬ್ಯಾಡ್ರಿ, ಜಗದೇವಣ್ಣ."

"ಕೇಳದೆ ಹೆಂಗ ಬರೀಲಿ, ಸಿಸ್ಟರ್? ಕಾಲಂ ಖಾಲಿ ಬಿಟ್ರ ಮ್ಯಾಲಿನವರು ನನಗ ಬೈತಾರ."

"ಅದೂ ಖರೇನೇ. ಆದ್ರ ಇದನ್ನ ನೋಡ್ರಿ. ಹೆಂಗಸರ ಚೀಟ್ಯಾಗ ಅರ್ಧಕ್ಕರ್ಧ ಮೊಣಕಾಲೇ ಅದ. ಊರಾಗಿನ ಹೆಂಗಸರೆಲ್ಲ ಕುಂಟಾಕತ್ತಾರೇನು?"

ಜಗದೇವ ಹಾಳೆ ಹಿಂದೆ ಮುಂದೆ ತಿರುವಿದ.

ಮರುದಿನದಿಂದ ಕಿಟಕಿಯಲ್ಲಿ ಹೆಸರು, ವಯಸ್ಸು ಮಾತ್ರ. ಉಳಿದದ್ದು ಒಳಗೆ, ಬಾಗಿಲು ಹಾಕಿಕೊಂಡು. ಫಾರ್ಮನ್ನೂ ಆಸ್ಪತ್ರೆಯಲ್ಲಿ ತುಂಬುವುದು ನಿಂತಿತು. ವಾರ ಬಿಟ್ಟು ಮನೆಗೆ ಹೋಗಿ ಎರಡೇ ಪ್ರಶ್ನೆ ಕೇಳುವುದೆಂದು ಮಹಾನಂದಾ ಗೊತ್ತು ಮಾಡಿದಳು: ಹೇಳಬೇಕೆಂದದ್ದನ್ನು ಹೇಳಲು ಆಯಿತೇ? ಆಗದಿದ್ದರೆ ಯಾಕೆ?

ಮಲ್ಕಮ್ಮನ ಮನೆಗೆ ತಾನೇ ಹೋಗುತ್ತೇನೆಂದ ಜಗದೇವ. ಅವಳು ಹೊರಸಿನ ಮೇಲೆ ಮಲಗಿದ್ದಳು. ಅವನು ಮೆಲ್ಲಗೆ ಕೇಳಿದ. ಅವಳು ಸಂಕೋಚದಿಂದ, "ಎಲ್ಲಾ ಚಲೋ ಅದ ತಮ್ಮಾ, ಹಂಗೇ ಬರಿ," ಅಂದಳು.

"ಬ್ಯಾಡಬೇ ಯಕ್ಕಾ. ಖರೇನೇ ಬರೀತೇನಿ."

ಮೊದಲ ಪ್ರಶ್ನೆಗೆ 'ಇಲ್ಲ' ಎಂದು ಬರೆದ. ಎರಡನೆಯದರ ಮುಂದೆ ಪೆನ್ನು ತುಸು ಹೊತ್ತು ನಿಂತಿತು. ಆಮೇಲೆ ದುಂಡಗಿನ ಅಕ್ಷರದಲ್ಲಿ, 'ಚೀಟಿ ಬರೆಯುವ ಜಗದೇವ ಎಲ್ಲರ ಮುಂದೆ ಕೇಳಿದ್ದರಿಂದ' ಎಂದು ಬರೆದು, ಮಲ್ಕಮ್ಮನಿಗೆ ಓದಿ ಹೇಳಿ, ಕೆಳಗೆ ತನ್ನ ಸಹಿ ಹಾಕಿದ.