ಕಾಲ್ಕಿತ್ತ ಕಾರು

"ಗಾಡಿ ಒಳಗೆ ಸಾಮಾನು ಏನೇನಿತ್ತಮ್ಮ?" ಪೇದೆ ಪೆನ್ನು ಕೊಡವುತ್ತ ಕೇಳಿದ.

"ಕಾಲು," ಅಂದಳು ಮಗಳು.

"ಏನು?"

"ಕಾಲು ಸಾರ್. ನಮ್ಮಪ್ಪನ ಕೃತಕ ಕಾಲು. ಹಿಂದಿನ ಸೀಟಿನ ಮೇಲಿತ್ತು."

ಪೇದೆ ತುಟಿ ಬಿಗಿಹಿಡಿದ. ಆದರೂ ನಗು ಮೂಗಿನಿಂದ ಹೊರಬಿತ್ತು. ಬೆಂಚಿನ ಮೇಲೆ ಊರುಗೋಲುಗಳನ್ನು ಅಡ್ಡ ಇಟ್ಟುಕೊಂಡು ಕೂತಿದ್ದ ಅಪ್ಪ, ಅವನಿಗೆ ನೆರವಾಗುವವನಂತೆ, "ಕಳ್ಳ ಕಾಲ್ಕಿತ್ತ ಅಂತಾರಲ್ಲ ಸಾರ್, ಇವನು ನಿಜವಾಗ್ಲೂ ಕಾಲನ್ನೇ ಕಿತ್ಕೊಂಡು ಹೋದ" ಅಂದ. ಕ್ಷೌರದಂಗಡಿಯವನ ಬಾಯಿ. ಗಿರಾಕಿಯ ಮುಖ ಗಂಟಿಕ್ಕಿದ್ದರೆ ಕತ್ತಿ ಆಡಿಸುವುದು ಕಷ್ಟವೆಂದು ಜನ್ಮವಿಡೀ ನಗಿಸಿಕೊಂಡು ಬಂದವನು. ಪೇದೆ ಈಗ ಹೊಟ್ಟೆ ಹಿಡಿದುಕೊಂಡೇ ನಕ್ಕ. ಮಗಳಿಗೆ ಮೈಯೆಲ್ಲ ಉರಿದುಹೋಯಿತು.

ಆ ಕಾಲಿಗಾಗಿ ಕಾದದ್ದು ವರ್ಷಕ್ಕೂ ಮಿಕ್ಕಿ. ಅಳತೆ ತೆಗೆದು, ಅಚ್ಚು ಹಾಕಿ, ಒಮ್ಮೆ ಸಡಿಲ, ಒಮ್ಮೆ ಬಿಗಿ ಅಂತ ತಿದ್ದಿ ತಿದ್ದಿ ಇವತ್ತು ಬೆಳಿಗ್ಗೆ ತೊಡಿಸಿ ಕಳಿಸಿದ್ದರು. ಕ್ಷೌರ ಕೂತು ಮಾಡುವ ಕೆಲಸವಲ್ಲ. ಕುರ್ಚಿಯ ಸುತ್ತ ಸುತ್ತಬೇಕು, ಎರಡು ಕೈಯೂ ಬಿಡುವಾಗಿರಬೇಕು. ಸೋಮವಾರ ಅಂಗಡಿ ಬಾಗಿಲು ತೆಗೆಯುತ್ತೇನೆಂದು ಅಪ್ಪ ಹಳೆಯ ಗಿರಾಕಿಗಳಿಗೆಲ್ಲ ಹೇಳಿಯೂ ಆಗಿತ್ತು. ಬಸ್ಸಿನ ನೂಕುನುಗ್ಗಲು ಬೇಡವೆಂದು ಮಗಳು ಬಾಡಿಗೆ ಕಾರು ತಂದು ತಾನೇ ಓಡಿಸಿದ್ದಳು. ವಾಪಸು ಬರುವಾಗ ಹೊಸ ಕಾಲು ಉಜ್ಜುತ್ತದೆಂದು ಅಪ್ಪ ಬಿಚ್ಚಿ ಪಕ್ಕಕ್ಕಿಟ್ಟ. ಪೆಟ್ರೋಲ್ ಬಂಕಿನಲ್ಲಿ, ಇನ್ನೂ ಪೆಟ್ರೋಲು ಹಾಕಿಸುವ ಮೊದಲೇ, ಊರುಗೋಲು ಹಿಡಿದು ಶೌಚಾಲಯಕ್ಕೆ ಹೋದವನು ಒದ್ದೆ ನೆಲದಲ್ಲಿ ಜಾರಿದ. ಅವನು ಕೂಗಿದ್ದೇ ತಡ, ಇವಳು ಕೀಲಿಕೈಯನ್ನೂ ತೆಗೆಯದೆ ಓಡಿದಳು. ಎತ್ತಿ ನಿಲ್ಲಿಸಿ ಹೊರಗೆ ಬಂದರೆ, ಕಾರು ನಿಂತಿದ್ದ ಕಡೆ ಒಂದಿಷ್ಟು ಎಣ್ಣೆಯ ಕಲೆ ಮಾತ್ರ ಇತ್ತು.

ಬಾಡಿಗೆ ಕಂಪನಿಯವನು ಫೋನಿನಲ್ಲಿ ಮೊದಲು ಕೇಳಿದ್ದೇ, "ಕೀ ನಿಮ್ಮ ಹತ್ರ ಇದೆಯಾ ಮೇಡಂ?" ಅಂತ.

"ಇಲ್ಲ. ಗಾಡೀಲೇ ಇತ್ತು."

"ಹಾಗಾದ್ರೆ ವಿಮೆಯವರು ಒಪ್ಪಲ್ಲ. ಮೊದ್ಲು ಪೊಲೀಸ್ ದೂರು ಕೊಡಿ, ಪ್ರತಿ ತನ್ನಿ."

"ನಮ್ಮಪ್ಪ ಬಿದ್ದಿದ್ರು ರೀ!"

"ಅದು ಸರಿ ಮೇಡಂ. ಕೀ ತೆಗೆಯೋಕೆ ಎಷ್ಟೊತ್ತು ಬೇಕು?"

ಈಗ ಠಾಣೆಯಲ್ಲಿ ಪೇದೆಯೂ ಅದನ್ನೇ ಕೇಳಿದ, ಕೀ ಎಲ್ಲಿತ್ತು ಅಂತ. ಅಪ್ಪ ಹಿಂದಿನಿಂದ ಪಿಸುಗುಟ್ಟಿದ: "ಕೀ ನನ್ನ ಜೇಬಲ್ಲಿತ್ತು, ಬಿದ್ದಾಗ ಯಾರೋ ಕಿತ್ಕೊಂಡ ಅಂತ ಬರೆಸಮ್ಮ. ಕುಂಟನ ಮಾತನ್ನ ಯಾರು ಅಲ್ಲಗಳೀತಾರೆ?"

"ಸ್ವಲ್ಪ ಬಾಯಿ ಮುಚ್ಕೊಂಡಿರು ಅಪ್ಪ! ಕಾಲು ಹಾಕ್ಕೊಂಡು ಇಳಿ ಅಂತ ಬಡ್ಕೊಂಡೆ. ನಾಲ್ಕು ಹೆಜ್ಜೆಗೆ ಅದ್ಯಾಕೆ ಅಂದೆ. ಈಗ ನಗು, ಎಷ್ಟು ಬೇಕೋ ನಗು!"

ಆಚೆ ಮೇಜಿನವರೂ ತಿರುಗಿ ನೋಡಿದರು. ಅಪ್ಪನ ಮುಖದ ಮೇಲಿನ ನಗು ಅಲ್ಲೇ ಒಣಗಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ಪೇದೆಯ ಕಡೆ ತಿರುಗಿ, "ಕೀ ಗಾಡೀಲೇ ಬಿಟ್ಟಿದ್ದೆ. ನಾನೇ. ಹಾಗೇ ಬರ್ಕೊಳ್ಳಿ" ಅಂದಳು.

ಅವನು ಬರೆಯುತ್ತಿರುವಾಗಲೇ ಮೇಜಿನ ಫೋನು ಹೊಡೆದುಕೊಂಡಿತು. ಕೇಳುತ್ತ ಕೇಳುತ್ತ ಪೇದೆಯ ಹುಬ್ಬು ಮೇಲೇರಿತು.

"ಸಿಕ್ತು ನೋಡಮ್ಮ! ಪೆಟ್ರೋಲು ಮುಗಿದು ಸೇತುವೆ ಹತ್ರ ನಿಂತಿದೆಯಂತೆ. ಒಂದು ಗೀರೂ ಇಲ್ವಂತೆ."

"ಹಿಂದಿನ ಸೀಟಲ್ಲಿ?"

ಅವನು ಫೋನಿನಲ್ಲಿ ವಿಚಾರಿಸಿದ. "ಸೀಟು ಖಾಲಿಯಂತೆ, ಡಿಕ್ಕಿನೂ ಖಾಲಿ." ಫೋನಿಟ್ಟು ಪೆನ್ನಿನ ಮುಚ್ಚಳ ಹಾಕಿದ. "ಗಾಡಿ ಸಿಕ್ತಲ್ಲ, ಪುಣ್ಯವಂತೆ ನೀನು. ಇಲ್ಲೊಂದು ಸಹಿ ಹಾಕು, ಮುಗೀತು."

"ಏನು ಮುಗೀತು?" ಅವಳ ದನಿ ಬೀದಿಗೆ ಕೇಳುವಂತಿತ್ತು. "ಬಾಡಿಗೆಯವನ ಗಾಡಿ ಸಿಕ್ತು. ನಮಗೇನು ಸಿಕ್ತು? ಗಾಡಿ ನಂಬರು ಬರೆದ್ರಿ, ಬಣ್ಣ ಬರೆದ್ರಿ. ಕಾಲು ಬರೆದ್ರಾ? ಅದನ್ನ ಬರೀರಿ. ಅಲ್ಲೀತನಕ ನಾನು ಇಲ್ಲಿಂದ ಏಳಲ್ಲ."

"ಅದು ಯಾರಿಗೇನು ಉಪಯೋಗಮ್ಮ? ಎಲ್ಲೋ ಎಸೆದಿರ್ತಾನೆ."

"ಎಸೆದ ಕಡೆ ಹುಡುಕಿ. ಅದು ಬೇರೆ ಯಾರಿಗೂ ಆಗಲ್ಲ. ಈ ಪ್ರಪಂಚದಲ್ಲಿ ನಮ್ಮಪ್ಪ ಒಬ್ಬರಿಗೇ ಆಗೋದು."

ಪೇದೆ ಕಾಗದವನ್ನು ಮತ್ತೆ ತನ್ನತ್ತ ಎಳೆದುಕೊಂಡ. ಆಮೇಲೆ ಮುಚ್ಚಳ ತೆಗೆದು ಬರೆಯತೊಡಗಿದ. ಅರ್ಧಕ್ಕೆ ನಿಲ್ಲಿಸಿ, "ಎಡವೋ, ಬಲವೋ?" ಎಂದು ಕೇಳಿದ. ಈ ಸಲ ನಗಲಿಲ್ಲ.

ಅಪ್ಪನೂ ತಮಾಷೆ ಮಾಡಲಿಲ್ಲ. ಊರುಗೋಲುಗಳನ್ನು ಪಕ್ಕಕ್ಕೆ ಸರಿಸಿದ. ಗಂಟು ಹಾಕಿದ್ದ ಎಡಗಡೆಯ ಪ್ಯಾಂಟಿನ ತುದಿಯನ್ನು ಎರಡೂ ಕೈಯಿಂದ ಎತ್ತಿ, ಕ್ಷೌರ ಮುಗಿದ ಮೇಲೆ ಗಿರಾಕಿಯ ತಲೆಯ ಹಿಂದೆ ಕನ್ನಡಿ ಹಿಡಿಯುವ ಹಾಗೆ, ಅವನಿಗೆ ಕಾಣುವಂತೆ ಹಿಡಿದ.