ಹುಣಸೆ ಬೊಡ್ಡೆಯ ಮೊಳೆ

ಹುಣಸೆ ಸೌದೆ ಉರಿಯುವುದೇನೋ ಚೆನ್ನಾಗಿಯೇ, ಆದರೆ ಸೀಳುವವನ ಸೊಂಟ ಮುರಿಯದೆ ಅದು ಒಲೆಗೆ ಬರುವುದಿಲ್ಲ. ಗೋವಿನಕೋವಿಯ ಮಹೇಶ್ವರಪ್ಪನ ಹಿತ್ತಲಲ್ಲಿ ಗಾಳಿಗೆ ಉರುಳಿದ ಮರ ಇಬ್ಬರು ತಬ್ಬಿದರೂ ತೋಳಿಗೆ ಸಿಗುವಂಥದ್ದಲ್ಲ. ವರ್ಷಪೂರ್ತಿ ಬಚ್ಚಲ ಹಂಡೆಗೆ ಆಗುತ್ತದೆಂದು ಅವನು ಮರ ಕೊಯ್ಯುವ ಮಷಿನ್ನಿನ ಪರಮೇಶನನ್ನು ಕರೆಸಿದ್ದ. ಪರಮೇಶ ಕೊಂಬೆಗಳನ್ನು ತುಂಡು ಮಾಡಿ, ಬೆಣೆ ಹೊಡೆದು ಸೀಳಿ ಹಾಕಿದ್ದ. ಈಗ ಬೊಡ್ಡೆಯೊಂದು ಉಳಿದಿತ್ತು.

ಮಹೇಶ್ವರಪ್ಪನ ಹೆಂಡತಿ ಪ್ರೇಮಲತಾ ಸೀಳಿದ ಸೌದೆ ಒಟ್ಟುತ್ತಿದ್ದಳು. ಆ ಬೊಡ್ಡೆಯ ಕಡೆ ಮಾತ್ರ ಕಣ್ಣು ಹಾಯಿಸುತ್ತಿರಲಿಲ್ಲ. ಅದರೊಳಗೆ ಅವಳನ್ನು ಹಿಡಿದಿದ್ದ ದೆವ್ವ ಇದೆ ಎಂದು ಊರೆಲ್ಲ ನಂಬಿತ್ತು.

ಮದುವೆಯಾದ ಹೊಸತರಲ್ಲಿ ಹೆತ್ತವ್ವ ಹಾಸಿಗೆ ಹಿಡಿದರೂ ಅವಳನ್ನು ತವರಿಗೆ ಕಳಿಸಿರಲಿಲ್ಲ. ಅವ್ವ ಸತ್ತ ಸುದ್ದಿ ಬಂದ ದಿನ ಪ್ರೇಮಲತಾ ತುಂಬಿದ ಕೊಡವನ್ನು ಅಂಗಳಕ್ಕೆ ಕುಕ್ಕಿ, ಅತ್ತೆ ಬಂಗಾರಮ್ಮನನ್ನು ಬಾಯಿಗೆ ಬಂದಂತೆ ಬೈದಳು. ಸೊಸೆಯಾದವಳು ಹಾಗೆಲ್ಲ ಬೈಯುತ್ತಾಳೆಯೇ? ಗಾಳಿಯೇ ಹಿಡಿದಿರಬೇಕು! ಜಗಳೂರು ಕಡೆಯಿಂದ ಮಂತ್ರದವನು ಬಂದ. ಅವಳ ನೆತ್ತಿಯ ಕೂದಲು ಕಿತ್ತು ಮೊಳೆಗೆ ಸುತ್ತಿ ಹುಣಸೆ ಮರಕ್ಕೆ ಬಡಿದ. ದೆವ್ವ ಇನ್ನು ಇಲ್ಲೇ ಬಂದಿ ಎಂದು ಹೇಳಿ ಹೋದ.

ಆಮೇಲೆ ಅವಳ ದನಿ ತುಸು ಏರಿದರೆ ಸಾಕು, "ಮೊಳೆ ಸಡಿಲ ಆಗೈತೆ ನೋಡೋ" ಎಂದು ಅತ್ತೆ ಕೂಗುವಳು. ಗಂಡ ಸುತ್ತಿಗೆ ಹಿಡಿದು ಹಿತ್ತಲಿಗೆ ಹೋಗಿ ಎರಡೇಟು ಹಾಕಿ ಬರುವನು. ಕೊನೆಗೆ ಪ್ರೇಮಲತಾ ಮಾತೇ ಬಿಟ್ಟಳು. ಮೊಳೆ ಒಳ್ಳೆ ಕೆಲಸ ಮಾಡಿತೆಂದು ಜನ ಹೊಗಳಿದರು. ಮರವೂ ಬೆಳೆದು ಮೊಳೆಯನ್ನು ಒಳಕ್ಕೆ ನುಂಗಿಕೊಂಡಿತು.

ಈಗ ಮಗಳು ಮೇಘಶ್ರೀಯ ಸರದಿ. ಕತ್ತಲಗೆರೆಯಲ್ಲಿರುವ ಮಹೇಶ್ವರಪ್ಪನ ಅಕ್ಕ ತನ್ನ ಮಗನಿಗೆ ಅವಳನ್ನು ಎರಡನೇ ಸಂಬಂಧಕ್ಕೆ ಕೇಳಿದ್ದಳು. ಅವನ ಮೊದಲ ಹೆಂಡತಿ ಮುರಿದ ಕೈಗೆ ಪಟ್ಟಿ ಕಟ್ಟಿಸಿಕೊಂಡು ತವರಿಗೆ ಹೋದವಳು ತಿರುಗಿ ಬಂದಿರಲಿಲ್ಲ. ಒಲ್ಲೆನೆಂದು ಮೇಘಶ್ರೀ ಊಟ ಬಿಟ್ಟಿದ್ದಳು. ಆದರೂ ನಾಳೆ ಅವರು ಎಲೆ ಅಡಿಕೆ ಹಿಡಿದು ಬರುವವರಿದ್ದರು.

"ಅವ್ವನ ಗಾಳಿ ಮಗಳಿಗೂ ತಾಗೈತೆ," ಬಂಗಾರಮ್ಮ ಹಿತ್ತಲ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತ ಮಗನಿಗೆ ಹೇಳಿದಳು. "ಶಾಸ್ತ್ರ ಮುಗೀಲಿ, ಇವಳಿಗೂ ಒಂದು ಮೊಳೆ ಹೊಡೆಸಿದ್ರಾಯ್ತು. ಇವರವ್ವ ಹೆಂಗೆ ಸುಮ್ಕಾದ್ಲು, ನೋಡ್ಲಿಲ್ವಾ?"

ಸೌದೆ ಎತ್ತುತ್ತಿದ್ದ ಪ್ರೇಮಲತಾ ಅದನ್ನು ಕೇಳಿಸಿಕೊಂಡಳು. ಮಗಳನ್ನು ಕಟ್ಟಿಹಾಕುವುದಕ್ಕೆ ತಾನೇ ಸಾಕ್ಷಿ! ದೆವ್ವವೂ ಇರಲಿಲ್ಲ, ಗಿವ್ವವೂ ಇರಲಿಲ್ಲ, ಅವತ್ತು ಬೈದವಳು ನಾನೇ ಎಂದು ಈಗಲೇ ಹೇಳಿಬಿಡಬೇಕು. ಅವಳು ಸೌದೆ ಕೆಳಗೆ ಹಾಕಿ ಸೆರಗು ಸಿಕ್ಕಿಸಿಕೊಂಡಳು.

ಅಷ್ಟರಲ್ಲಿ ಮಷಿನ್ನು ಬೊಡ್ಡೆಯೊಳಗೆ ಕಿರ್ರೆಂದು ಕಿಡಿ ಹಾರಿಸಿ ನಿಂತಿತು. ಪರಮೇಶ ಬೈಯುತ್ತ ಬೆಣೆ ಇಟ್ಟು ಸುತ್ತಿಗೆ ಬೀಸಿದ. ಬೊಡ್ಡೆ ಬಿರಿಯಿತು. ಕಪ್ಪಾದ ತಿರುಳಿನಿಂದ ತುಕ್ಕು ಹಿಡಿದ ಮೊಳೆಯೊಂದನ್ನು ಇಕ್ಕಳದಲ್ಲಿ ಎಳೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ.

"ಯಾರ್ರೀ ಇದನ್ನ ಹೊಡ್ದೋರು? ನನ್ ಮಷಿನ್ನಿನ ಚೈನೇ ಹೋಯ್ತಲ್ರೀ!"

ಅತ್ತೆ, ಗಂಡ, ಬಾಗಿಲಲ್ಲಿ ನಿಂತಿದ್ದ ಮಗಳು ಎಲ್ಲರೂ ಪ್ರೇಮಲತಾಳನ್ನೇ ನೋಡುತ್ತಿದ್ದರು.

ಅವಳಿಗೆ ಅಳುವೇ ಬಂತು. ಬೆಳಿಗ್ಗೆಯೇ ಹೇಳಿದ್ದರೆ ಅದು ತನ್ನ ಮಾತಾಗುತ್ತಿತ್ತು. ಮೊಳೆ ಕಿತ್ತು ಬಂದ ಮೇಲೆ ಬಾಯಿ ತೆರೆದರೆ ಬಿಡಿಸಿಕೊಂಡ ದೆವ್ವದ ಮಾತೆನ್ನುತ್ತಾರೆ. ತೆರೆಯದಿದ್ದರೆ ನಾಳೆ ಎಲೆ ಅಡಿಕೆ ಬಂದೇ ಬರುತ್ತದೆ. ಅತ್ತ ದರಿ, ಇತ್ತ ಪುಲಿ.

"ಮಹೇಶ್ವರಪ್ಪ," ಎಂದು ಕೂಗಿದಳು.

ಗಂಡನ ಹೆಸರನ್ನು ಅವಳು ಒಮ್ಮೆಯೂ ಬಾಯಲ್ಲಿ ಆಡಿದವಳಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೂ ಮಗಳ ಕೈಲಿ ಹೇಳಿಸುತ್ತಿದ್ದಳು. ಇವತ್ತು ಸಿಟ್ಟಿನ ಭರದಲ್ಲಿ ಬಂದುಬಿಟ್ಟಿತ್ತು. ಮಹೇಶ್ವರಪ್ಪನ ಮುಖ ಬಿಳಿಚಿಕೊಂಡಿತು. ಬಂಗಾರಮ್ಮ ಬಿದ್ದೆನೋ ಎದ್ದೆನೋ ಎಂದು ಒಳಗೋಡಿ ಕರ್ಪೂರ ತಂದು ಹಚ್ಚಿದಳು.

"ಯಾರವ್ವಾ ನೀನು? ನಿನಗೇನು ಬೇಕು, ಹೇಳವ್ವಾ!"

ಏನು ಬೇಕು ಎಂದು ಈ ಮನೆಯಲ್ಲಿ ಯಾರೂ ಅವಳನ್ನು ಕೇಳಿರಲಿಲ್ಲ. ಈಗ ಕೇಳಿದ್ದೂ ಅವಳನ್ನಲ್ಲ.

"ನಾನು ಪ್ರೇಮಲತಾ, ಬ್ಯಾರೆ ಯಾರೂ ಅಲ್ಲ," ಎಂದಳು. "ನನ್ ಮಗಳನ್ನ ಕತ್ತಲಗೆರೆಗೆ ಕೊಡಬ್ಯಾಡ."

"ಅದು ಹಂಗೇ ಹೇಳ್ತೈತೆ," ಬಂಗಾರಮ್ಮ ಮಗನ ಕಿವಿಯಲ್ಲಿ ಉಸುರಿದಳು. "ಹ್ಞೂಂ ಅನ್ನೋ. ಇಲ್ಲಾಂದ್ರೆ ಮನೆ ಉಳಿಯಾಕಿಲ್ಲ."

"ಕೊಡಲ್ಲ ತಾಯಿ, ಕೊಡಲ್ಲ," ಮಹೇಶ್ವರಪ್ಪ ಹೆಂಡತಿಗೆ ಕೈಮುಗಿದ. ನಿಂತಲ್ಲೇ ಅಕ್ಕನಿಗೆ ಫೋನು ಹಚ್ಚಿದ. "ನಾಳೆ ಬರಬ್ಯಾಡಕ್ಕ. ಇಲ್ಲಿ ಅದು ಮತ್ತೆ ಎದ್ದೈತೆ. ಸಂಬಂಧದ ಮಾತು ಇಲ್ಲಿಗೇ ಬಿಡು."

ಪ್ರೇಮಲತಾಳಿಗೆ ಜೀವ ಬಂದಂತಾಯಿತು. ಇವರು ಏನು ಬೇಕಾದರೂ ತಿಳಿದುಕೊಳ್ಳಲಿ, ಕಾಲೇಜು ಓದಿದ ಮಗಳಿಗೆ ಅವ್ವ ಯಾರು, ದೆವ್ವ ಯಾವುದು ಅಂತ ಗೊತ್ತಾಗದೇ? ನಗುತ್ತ ಮೇಘಶ್ರೀಯ ಕಡೆ ಕೈ ಚಾಚಿದಳು.

ಮೇಘಶ್ರೀ ಹಿಂದೆ ಸರಿದಳು. ಅವ್ವನ ದನಿ ಏರಿದ್ದನ್ನು ಆ ಹುಡುಗಿ ಹುಟ್ಟಿದಂದಿನಿಂದ ಕೇಳಿಯೇ ಇರಲಿಲ್ಲ.

"ನಾನು ಕತ್ತಲಗೆರೆಗೇ ಹೋಗ್ತೀನಿ," ಎಂದು ಬಿಕ್ಕಿದಳು. "ಅವನನ್ನೇ ಆಗ್ತೀನಿ. ನಿನ್ನ ಕಾಲಿಗೆ ಬೀಳ್ತೀನಿ, ನಮ್ಮವ್ವನ್ನ ಬಿಟ್ಟು ಹೋಗು. ನಂಗೆ ನಮ್ಮವ್ವ ಬೇಕು."

ನಾನೇ ಕಣೇ ನಿಮ್ಮವ್ವ ಎನ್ನುವ ಮಾತು ಪ್ರೇಮಲತಾಳ ನಾಲಿಗೆ ತುದಿಗೆ ಬಂತು. ಮಗಳನ್ನು ಒಮ್ಮೆ ತಬ್ಬಿಕೊಂಡು ಅತ್ತರೆ ಸಾಕಿತ್ತು, ದೆವ್ವ ಬಿಟ್ಟಿತು ಎಂದು ಎಲ್ಲರೂ ನೆಮ್ಮದಿಯಾಗುತ್ತಿದ್ದರು. ಗಂಡ ಫೋನನ್ನು ಇನ್ನೂ ಕಿವಿಯಿಂದ ತೆಗೆದಿರಲಿಲ್ಲ. ಆ ಕಡೆಯಿಂದ ಅಕ್ಕ ನಾಳೆ ಬರಲೋ ಬೇಡವೋ ಎಂದು ಕೇಳುತ್ತಲೇ ಇದ್ದಳು.

ಪ್ರೇಮಲತಾ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಕಣ್ಣು ಅಗಲಿಸಿ ಮಗಳನ್ನು ದುರುಗುಟ್ಟಿ ನೋಡಿದಳು.

"ಬಿಡಾಕಿಲ್ಲ," ಎಂದಳು. "ನಿಮ್ಮವ್ವನ್ನ ನಾನು ಬಿಡಾಕಿಲ್ಲ."