ಮಂಡಿ ನೋವಿನ ಪಂಕ್ತಿ

ನಮ್ಮ ಛತ್ರದ ಮ್ಯಾನೇಜರ್ ಮಾಲಾಳ ಫೋನು ಸುಮ್ಮನಿದ್ದುದನ್ನು ನಾನು ಕಂಡವಳೇ ಅಲ್ಲ. ಗಂಧದ ಬಟ್ಟಲು ಎಲ್ಲಿದೆ, ವಾಲಗದವರಿಗೆ ಇನ್ನೊಂದು ಸಲ ಕಾಫಿ ಕೊಡಬೇಕಾ, ವರನ ಕೋಣೆಯ ಗೀಸರ್ ಹಾಕಬೇಕಾ, ಎಲ್ಲದಕ್ಕೂ ಮಾಲಾಳೇ ಉತ್ತರ ಹೇಳಬೇಕು. ಕೇಳುವವರಿಗೆ ಗೊತ್ತಿಲ್ಲವೆಂದಲ್ಲ. ಕೇಳದೆ ಮಾಡಿದರೆ ಅವಳು ಬಂದು ಮತ್ತೆ ಬೇರೆ ಥರ ಮಾಡುತ್ತಿದ್ದಳು. ಹಾಗಾಗಿ ಕೇಳುವುದೇ ವಾಸಿ ಎಂದು ಎಲ್ಲರಿಗೂ ಅಭ್ಯಾಸವಾಗಿತ್ತು.

ಛತ್ರ ಇರುವುದು ಚಿಕ್ಕಜಾಲದಲ್ಲಿ, ನಾವು ಹಿಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ. ಯಜಮಾನರು ಚಿಕ್ಕಬೈರಪ್ಪನವರು ಹೆಸರಿಗೆ ಮಾಲೀಕರು, ವ್ಯವಹಾರವೆಲ್ಲ ಮಗ ಅಶ್ವತ್ಥನದು, ಬೈಯುವ ಕೆಲಸ ಮಾತ್ರ ಗಂಗರತ್ನಮ್ಮನಾದ ನನ್ನದು. ಆಗಷ್ಟೇ ಅಬ್ಬಿಗೆರೆಯಲ್ಲಿ ನಮ್ಮದೇ ಇನ್ನೊಂದು ಛತ್ರ ಎದ್ದಿತ್ತು. ಅದನ್ನು ನಡೆಸಬೇಕೆಂದು ಮಾಲಾಗೆ ಬಲು ಆಸೆ. ಅವಳ ಮನೆ ಬಾಗಲಗುಂಟೆಯಲ್ಲಿ, ಅಬ್ಬಿಗೆರೆ ಅಲ್ಲಿಗೆ ಹತ್ತಿರ. ಇಲ್ಲಿಗೆ ಬರುವುದೆಂದರೆ ಬಸ್ಸು ಬದಲಿಸಿ ಬದಲಿಸಿ ಅವಳ ಅರ್ಧ ಜೀವ ರಸ್ತೆಯಲ್ಲೇ ಹೋಗುತ್ತಿತ್ತು. ಮಗಳ ಜೊತೆ ಕೂತು ಊಟ ಮಾಡಿದ್ದು ಯಾವಾಗಲೋ ಮರೆತೇಹೋಗಿದೆ ಎಂದು ಒಮ್ಮೆ ನನ್ನೆದುರು ಕಣ್ಣು ತುಂಬಿಕೊಂಡಿದ್ದಳು.

ನಾನು ಮಗನಿಗೆ ಹೇಳಿದೆ. ಅವನು ತಲೆ ಅಲ್ಲಾಡಿಸಿದ.

"ಅಮ್ಮಾ, ಮಾಲಕ್ಕ ಒಂದ್ ದಿನ ರಜ ಹಾಕಿದ್ರೆ ಇಲ್ಲಿ ಬೋಂಡಾಗೂ ದಿಕ್ಕಿರಲ್ಲ. ಅವ್ರನ್ನ ಕಳಿಸ್ಬಿಟ್ರೆ ಇದನ್ನ ಯಾರ್ ನೋಡ್ಕೋತಾರೆ? ಅಬ್ಬಿಗೆರೆಗೆ ಹೊರಗಿನ ಕಂಪನಿಯವ್ರನ್ನ ಕರೀತೀನಿ."

ನನಗೆ ಮೈಯೆಲ್ಲ ಉರಿಯಿತು. "ಚೆನ್ನಾಗಿ ಕೆಲ್ಸ ಮಾಡಿದ್ದೇ ಅವ್ಳ ತಪ್ಪೇನೋ? ಅಂಗಾರೆ ನಾಳೆಯಿಂದ ಕೆಟ್ದಾಗಿ ಮಾಡು ಅಂತ ಏಳ್ಲಾ?"

ಬಹಳ ಹೊತ್ತು ಜಗಳವಾಡಿದೆವು. ಕೊನೆಗೆ ಅವನೇ ಒಂದು ದಾರಿ ಹೇಳಿದ. ಒಂದು ಮದುವೆ ಮಾಲಾ ಕೈ ಹಾಕದೆ ನಡೆದರೆ ಅಬ್ಬಿಗೆರೆ ಅವಳದ್ದು. ಇಲ್ಲವಾದರೆ ಕಂಪನಿಯವರದ್ದು. ಮನೆಯಲ್ಲಿ ಬಿಟ್ಟರೆ ಅಲ್ಲಿಂದಲೇ ಫೋನಿನಲ್ಲಿ ಮದುವೆ ಮಾಡಿಸಿಬಿಡುವ ಪೈಕಿ ಅವಳು. ಅದಕ್ಕೆ ನಾನು, "ಅತಿಥಿಯಾಗಿ ಬರ್ಲಿ. ಫೋನ್ ನನ್ ಚೀಲ್ದಲ್ಲಿ, ಅವ್ಳು ನನ್ ಪಕ್ಕದಲ್ಲಿ. ಬಾಯ್ಬಿಟ್ಟು ಒಂದ್ ಕೆಲ್ಸ ಏಳಿದ್ರೂ ಸೋತಂಗೆ" ಎಂದೆ. ಅವಳನ್ನು ಗೆಲ್ಲಿಸಲು ಹೊರಟು ನಾನೇ ಕಠಿಣ ಮಾಡಿಬಿಟ್ಟೆನೇನೋ ಎಂದು ಆಮೇಲೆ ಹೆದರಿಕೆಯಾಯಿತು.

ಭಾನುವಾರದ ಮದುವೆಗೆ ಮಾಲಾ ರೇಷ್ಮೆ ಸೀರೆ ಉಟ್ಟು ಬಂದಳು. ಬಂದವಳೇ ಬೀಗದ ಕೈ ಗೊಂಚಲನ್ನು ಮುನ್ನಿಯ ಕೈಗೆ ಕೊಟ್ಟಳು. ಮುನ್ನಿ ಛತ್ರದ ಸ್ವಚ್ಛತೆಯವರ ಮುಖ್ಯಸ್ಥೆ, ಗಟ್ಟಿಗಿತ್ತಿ. ಒಂದೊಂದು ಬೀಗದ ಕೈಯನ್ನೂ ಹಿಡಿದು ಇದು ಉಗ್ರಾಣದ್ದು, ಇದು ಕೆಳಗಿನ ಹಾಲ್‌ನದು ಎಂದು ಮಾಲಾ ಹೇಳುತ್ತಲೇ ಇದ್ದಳು. ಮುನ್ನಿ, "ಮೇಡಂ, ದಿನಾ ಆ ಬಾಗಿಲು ಗುಡಿಸೋಳು ನಾನೇ ಅಲ್ವಾ" ಎಂದು ನಕ್ಕು ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟುಹೋದಳು.

ಧಾರೆಯ ಹೊತ್ತಿಗೆ ನನ್ನ ಕೈಚೀಲ ಗುಂಯ್‌ ಗುಂಯ್‌ ಅನ್ನುತ್ತಲೇ ಇತ್ತು. ಮಾಲಾ ಅಕ್ಷತೆ ಹಾಕಬೇಕಾದ ಕಡೆ ನೋಡದೆ ನನ್ನ ಚೀಲವನ್ನೇ ನೋಡುತ್ತಿದ್ದಳು. "ಅಮ್ಮಾ, ಒಂದ್ಸಲ ಯಾರದು ಅಂತ ನೋಡ್ಲಾ?" "ಮದ್ವೆ ಹೆಣ್ಣನ್ನ ನೋಡು" ಎಂದೆ.

ಊಟದ ಹಾಲ್ ಮೊದಲ ಮಹಡಿಯಲ್ಲಿ. ನಾನೂ ಮಾಲಾಳೂ ಮೊದಲ ಪಂಕ್ತಿಗೇ ಮೆಟ್ಟಿಲು ಹತ್ತಿಹೋದೆವು. ನನ್ನ ಮಂಡಿಗೆ ಏನೂ ಆಗಿಲ್ಲ, ಮಧ್ಯೆ ನಿಂತದ್ದು ಗೋಡೆಯ ಹೂವಿನ ಅಲಂಕಾರ ನೋಡಲು. ಅಶ್ವತ್ಥ ನಮ್ಮ ಎದುರು ಸಾಲಿನಲ್ಲಿ ಪರೀಕ್ಷೆ ಕೋಣೆಯ ಮೇಷ್ಟರಂತೆ ಕೂತಿದ್ದ. ಎಲೆ ಹಾಕಿದರು, ಉಪ್ಪು, ಕೋಸಂಬರಿ, ಪಲ್ಯ ಬಂತು. ಅನ್ನಕ್ಕೆ ಸಾರು ಬೀಳುವಷ್ಟರಲ್ಲಿ ಎಲೆಕ್ಟ್ರಿಷಿಯನ್ ಹಮ್ಜಾ ಏದುಸಿರು ಬಿಡುತ್ತ ಬಂದ.

"ಮೇಡಂ, ಲಿಫ್ಟ್ ನಿಂತೋಯ್ತು! ಒಳಗೆ ಯಾರೂ ಇಲ್ಲ, ಅದೊಂದ್ ಪುಣ್ಯ. ಆದ್ರೆ ವಯಸ್ಸಾದೋರೆಲ್ಲ ಕೆಳಗೇ ನಿಂತವ್ರೆ, ಮೆಟ್ಲು ಹತ್ತಕ್ಕಾಗಲ್ಲ ಅಂತಿದಾರೆ. ಏನ್ ಮಾಡ್ಲಿ?"

ಮಾಲಾಳ ಬಾಯಿ ತೆರೆಯಿತು. ಏನು ಹೇಳುತ್ತಾಳೆಂದು ನನಗೆ ಗೊತ್ತಿತ್ತು: ಹುಡುಗರನ್ನು ಕರೆದು ಕುರ್ಚಿಯ ಮೇಲೆ ಕೂರಿಸಿ ಹೊತ್ತು ತನ್ನಿ. ಹಿಂದೆ ಲಿಫ್ಟ್ ಕೆಟ್ಟಾಗಲೆಲ್ಲ ಅದನ್ನೇ ಮಾಡಿಸಿದ್ದಳು. ಅಶ್ವತ್ಥ ತುತ್ತನ್ನು ಕೈಯಲ್ಲೇ ಹಿಡಿದು ಕಾಯುತ್ತಿದ್ದ. ಮಾಲಾ ಬಾಯಿ ಮುಚ್ಚಿದಳು, ಆಮೇಲೆ ಮೆಲ್ಲಗೆ ಕೇಳಿದಳು.

"ಹಮ್ಜಾ, ನಿಂಗೇನ್ ಅನ್ಸುತ್ತೆ?"

ಹಮ್ಜಾ ಹಿಂದೆ ತಿರುಗಿ ನೋಡಿದ, ಬೇರೆ ಯಾರಾದರೂ ಹಮ್ಜಾ ಇದ್ದಾರೇನೋ ಎಂಬಂತೆ. "ನಂಗಾ? ಮೇಡಂ... ಲಿಫ್ಟ್ ರಿಪೇರಿಯವ್ರು ಸಂಜೆವರೆಗೂ ಬರಲ್ಲ. ಜನಾನ ಮೇಲ್ ಹತ್ತಿಸೋ ಬದ್ಲು ಊಟಾನೇ ಕೆಳಗಿಳಿಸೋಣ ಅಂತ ಮುನ್ನಿ ಅಕ್ಕ ಅಂತಿದ್ರು. ಕೆಳಗಿನ ಹಾಲ್ ಖಾಲಿ ಐತೆ, ಫ್ಯಾನ್ ನಾನ್ ಹಾಕ್ತೀನಿ."

ಮಾಲಾ ಎಲೆಯ ಕಡೆ ತಿರುಗಿ ಅನ್ನ ಕಲಸತೊಡಗಿದಳು. ಹಮ್ಜಾ ಒಂದು ಕ್ಷಣ ನಿಂತು, ಬೈಗುಳ ಬರಲಿಲ್ಲವೆಂದು ಖಾತ್ರಿ ಮಾಡಿಕೊಂಡು, ಓಡಿದ.

"ಕೆಲಸ ಹೇಳಿದಂಗಾಯ್ತು!" ಎಂದ ಅಶ್ವತ್ಥ.

"ಕೇಳಿದ್ಲು ಕಣೋ, ಏಳಿಲ್ಲ. ನೀನ್ ಸಾರನ್ನ ತಿನ್ನು" ಎಂದೆ.

ಹೋಳಿಗೆ ಬಂತು. ಅದರ ಹಿಂದೆಯೇ ಬಡಿಸುವವರ ಮುಖ್ಯಸ್ಥ ವೀರಬಸಪ್ಪ ತುಪ್ಪದ ಪಾತ್ರೆ ಹಿಡಿದು ಬಂದ. ಮುಖ ಸಪ್ಪಗಿತ್ತು. ಬಗ್ಗಿ ಮಾಲಾಳ ಕಿವಿಯ ಹತ್ತಿರ, "ಕೆಟ್ವಿ ಕಣ್ರೀ ಮೇಡಂ. ಮುನ್ನಿ ಮಂಡಿ ನೋವಿರೋರೆಲ್ಲ ಬನ್ನಿ ಅಂತ ಕೂಗ್ಬಿಟ್ಟು, ಬೀಗ್ರು ಯಾರು, ಹೆಣ್ಣಿನ್ ಕಡೆಯೋರ್ ಯಾರು ಅಂತಾನೇ ನೋಡಿಲ್ಲ. ಎಲ್ಲಾರ್ನೂ ಒಂದೇ ಸಾಲಲ್ಲಿ ಕೂರಿಸವ್ಳೆ!" ಎಂದ.

ಮಾಲಾ ಬಿಳಿಚಿಕೊಂಡಳು. ಗಂಡಿನ ಕಡೆಯ ಬೀಗರನ್ನು ಬೇರೆಯಾಗಿ, ಮೊದಲು, ಮರ್ಯಾದೆಯಿಂದ ಕೂರಿಸುವುದು ನಮ್ಮ ಛತ್ರದ ಕಟ್ಟುನಿಟ್ಟು. ಒಂದು ಹಪ್ಪಳ ತಡವಾಗಿ ಬಂತೆಂದು ಬೀಗರು ಮುನಿಸಿಕೊಂಡು ಎಲೆ ಬಿಟ್ಟು ಎದ್ದದ್ದನ್ನು ಅವಳು ಕಂಡಿದ್ದಾಳೆ. ಅವಳು ಕುರ್ಚಿಯಿಂದ ಅರ್ಧ ಎದ್ದಳು. ಎದ್ದರೆ ಅಬ್ಬಿಗೆರೆ ಹೋಯಿತು. ನಾನು ಎಡಗೈಯಿಂದ ಅವಳ ಸೆರಗನ್ನು ಹಿಡಿದು ಎಳೆದೆ.

"ಪಂಕ್ತಿ ಮಧ್ಯದಲ್ಲಿ ಏಳ್ತಾರೇನೇ? ಪಕ್ಕದೋರ್ ಊಟ ಮುಗಿಯೋಗಂಟ ಕೂತ್ಕೋ. ನಂದಿನ್ನೂ ಒಂದೋಳಿಗೆ ಐತೆ."

ಅವಳು ಕೂತಳು. ನಾನು ಹೋಳಿಗೆಯನ್ನು ಚೂರು ಚೂರು ಮುರಿದು ತಿಂದೆ. ಇನ್ನೊಂದು ಹಾಕಿಸಿಕೊಂಡೆ. ರುಚಿ ಮಾತ್ರ ಗೊತ್ತಾಗಲಿಲ್ಲ, ಸುಳ್ಳೇಕೆ. ಕೆಳಗಿನಿಂದ ಗದ್ದಲ ಕೇಳಿಸಿತು. ಮಾಲಾ ಕಣ್ಣು ಮುಚ್ಚಿಕೊಂಡಳು. ಗದ್ದಲ ಇನ್ನೂ ಜೋರಾಯಿತು. ಆಗ ನಮಗಿಬ್ಬರಿಗೂ ಒಟ್ಟಿಗೇ ತಿಳಿಯಿತು, ಅದು ನಗು.

ಪಂಕ್ತಿ ಎದ್ದ ಮೇಲೆ ಕೈ ತೊಳೆದು ಕೆಳಗೆ ಹೋದೆವು. ವರನ ಅಜ್ಜಿಗೂ ವಧುವಿನ ತಾತನಿಗೂ ಯಾರ ಮಂಡಿ ಹೆಚ್ಚು ಕೆಟ್ಟಿದೆ ಎಂದು ವಾದ ನಡೆದಿತ್ತು. ಇಬ್ಬರೂ ಎಣ್ಣೆಯ ಹೆಸರು ಹೇಳಿಕೊಳ್ಳುತ್ತಿದ್ದರು. ಸಾಲಿಡೀ ಒಂದೊಂದು ಪಕ್ಷ ಹಿಡಿದು ನಗುತ್ತಿತ್ತು. "ಬೀಗ್ರೇ, ಸೋತೋರು ಇನ್ನೊಂದ್ ಹೋಳಿಗೆ ತಿನ್ಬೇಕು" ಎಂದು ತಾತ ಹೇಳಿದರೆ ಅಜ್ಜಿ, "ಅಂಗಾರೆ ನಾನೇ ಸೋತೆ, ಹಾಕಪ್ಪ" ಎಂದು ಎಲೆ ತೋರಿಸಿದರು. ಮುನ್ನಿ ಸೆರಗು ಸಿಕ್ಕಿಸಿಕೊಂಡು ನೀರು ಹಾಕುತ್ತಿದ್ದಳು. ವೀರಬಸಪ್ಪ ಕೂಡ ಹಲ್ಲು ಬಿಟ್ಟುಕೊಂಡು ತುಪ್ಪ ಸುರಿಯುತ್ತಿದ್ದ. ಮಂಡಿ ಗಟ್ಟಿ ಇರುವವರೂ ಕುಂಟಿಕೊಂಡು ಬಂದು ಬಾಗಿಲಲ್ಲಿ ಕಾಯುತ್ತಿದ್ದರು.

ಮಾಲಾ ಬಾಗಿಲಲ್ಲೇ ನಿಂತುಬಿಟ್ಟಳು. "ಅಮ್ಮಾ, ನನ್ನ ಯಾರೂ ಏನೂ ಕೇಳ್ತಾನೇ ಇಲ್ಲ" ಎಂದಳು. ಅಳುತ್ತಿದ್ದಳೋ ನಗುತ್ತಿದ್ದಳೋ, ಎರಡೂ ಇತ್ತು. ನಾನು ಚೀಲದಿಂದ ಫೋನು ತೆಗೆದು ನೋಡಿದೆ. ಊಟಕ್ಕೆ ಕೂತ ಮೇಲೆ ಒಂದು ಕರೆಯೂ ಬಂದಿರಲಿಲ್ಲ. ಅಶ್ವತ್ಥ ಹಿಂದಿನಿಂದ ಬಂದು, "ಮಾಲಕ್ಕಾ, ಅಬ್ಬಿಗೆರೆಗೆ ಯಾವತ್ತಿಂದ ಹೋಗ್ತೀರಾ?" ಎಂದ. ನನ್ನ ಮಗ ಸೋತಾಗ ಇಷ್ಟು ಚೆನ್ನಾಗಿ ಕಾಣುತ್ತಾನೆಂದು ನನಗೆ ಗೊತ್ತಿರಲಿಲ್ಲ.

ಮಾಲಾ ಒಳಗೆ ಹೋಗಿ ಮುನ್ನಿಯ ಕೈಯಿಂದ ನೀರಿನ ಜಗ್ಗು ತೆಗೆದುಕೊಂಡು ಕೇಳಿದಳು, "ಮುನ್ನಿ, ನಾನ್ ಹೋದ್ಮೇಲೆ ಈ ಛತ್ರಾನ ಯಾರ್ ನೋಡ್ಕೊಂಡ್ರೆ ಚೆಂದ? ನಿಂಗೇನ್ ಅನ್ಸುತ್ತೆ?" ಮುನ್ನಿ ಸೊಂಟದ ಗೊಂಚಲನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು. ಅಷ್ಟು ನಾಚಿಕೆಪಟ್ಟದ್ದನ್ನು ನಾನು ಅವಳಲ್ಲಿ ಕಂಡೇ ಇರಲಿಲ್ಲ.

ಮೊನ್ನೆ ನಮ್ಮ ನೆಂಟರ ಮದುವೆ ಅದೇ ಛತ್ರದಲ್ಲಾಯಿತು. ಮಾಲಾ ಮಗಳನ್ನು ಕರೆದುಕೊಂಡು ಅತಿಥಿಯಾಗಿ ಬಂದಿದ್ದಳು. ಅಬ್ಬಿಗೆರೆಯಲ್ಲಿ ಊಟದ ಹಾಲ್ ಅನ್ನು ನೆಲಮಹಡಿಗೇ ತಂದಿದ್ದಾಳಂತೆ, ಅಲ್ಲಿಯವರಿಗೂ ಕೇಳುವ ಬದಲು ಯೋಚಿಸುವುದನ್ನು ಕಲಿಸುತ್ತಿದ್ದಾಳಂತೆ. ನಾನು ಮೆಟ್ಟಿಲಿನ ಕಡೆ ತಿರುಗಿದೆ. ಮ್ಯಾನೇಜರ್ ಮುನ್ನಿ ಅಡ್ಡ ಬಂದು ನಿಂತಳು.

"ಅಮ್ಮಾ, ನಿಮ್ ಪಂಕ್ತಿ ಕೆಳಗೆ."

"ನನ್ ಮಂಡಿಗೇನಾಗೈತೆ?"

"ನಿಮ್ ಮಂಡಿಗೇನೂ ಆಗಿಲ್ಲಮ್ಮಾ. ಮೆಟ್ಲಿಗೇ ಸುಸ್ತಾಗೈತೆ."

ಮಾಲೀಕನ ಹೆಂಡತಿಯನ್ನೇ ತಡೆಯುವಷ್ಟು ಧೈರ್ಯ! ಬೈಯಬೇಕೆಂದು ಬಾಯಿ ತೆರೆದೆ, ನಗು ಬಂತು. ಕೆಳಗೇ ಕೂತೆ. ಪಕ್ಕದಲ್ಲಿ ಮಾಲಾ, ಅವಳ ಪಕ್ಕದಲ್ಲಿ ಮಗಳು. ಫೋನು ಎಲೆಯ ಪಕ್ಕದಲ್ಲೇ ಇತ್ತು, ಅಬ್ಬಿಗೆರೆಯಲ್ಲೂ ಅವತ್ತು ಮದುವೆಯಿತ್ತು. ಅದು ಒಂದು ಸಲವೂ ಬಡಿದುಕೊಳ್ಳಲಿಲ್ಲ. ಮಾಲಾ ಮಗಳ ಎಲೆಗೆ ತುಪ್ಪ ಹಾಕಿಸಿ, ತಾನೂ ಎರಡನೇ ಹೋಳಿಗೆ ಕೇಳಿ ಹಾಕಿಸಿಕೊಂಡಳು.